ಠ ಎಂಬ ಕಣ್ಣು: ಅಕ್ಷರಗಳಿಂದ ಅಕ್ಷರ ಬರೆಯುವ ಕಲೆಯ ಬಗ್ಗೆ

ಕಳೆದ ಮಳೆಗಾಲದಲ್ಲಿ ನಮ್ಮ ವಿಭಾಗದ ಗೆಳೆಯನೊಬ್ಬ ತನ್ನ ಪ್ರಬಂಧದ ಅಧ್ಯಾಯವನ್ನು ಮೂರನೆಯ ಸಲ ಮುಂದೂಡಿದ್ದೇನೆಂದು ವಾಟ್ಸಾಪಿನಲ್ಲಿ ತಿಳಿಸಿದ. ಬಯ್ಯಲು ಮಾತು ಹುಡುಕುವ ಬದಲು ನಾನು ಒಂದು ಮುಖ ಕಳಿಸಿದೆ: ಠ_ಠ. ಐದು ನಿಮಿಷದಲ್ಲಿ ಅವನ ಕರೆ ಬಂತು. 'ಏನೋ ಅದು, ಠ ಅಂಡರ್‌ಸ್ಕೋರ್ ಠ ಅಂತ ಕಳಿಸಿದ್ದೀಯ? ಪಾಠದ ಠನೋ, ಮಠದ ಠನೋ?'

ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಫೋನು ಓದಿ ಹೇಳುತ್ತದೆ, ಅವನು ಕೇಳಿಸಿಕೊಳ್ಳುತ್ತಾನೆ. ಇದು ಮುಖ, ಎರಡು ಠಗಳು ಕಣ್ಣು, ನಡುವಿನ ಗೆರೆ ಬಿಗಿದ ಬಾಯಿ, ನಿನ್ನನ್ನು ಅಸಮಾಧಾನದಿಂದ ನೋಡುತ್ತಿದೆ ಎಂದು ವಿವರಿಸಿದೆ. ಅವನು ಜೋರಾಗಿ ನಕ್ಕು ಹೇಳಿದ: 'ಅಲ್ಲ ಮಾರಾಯ, ಕನ್ನಡದ ಅಕ್ಷರವನ್ನ ಕನ್ನಡದವನಿಗೇ ಕಳಿಸಿ, ಅದನ್ನ ಓದಬೇಡ ಅಂತೀಯಲ್ಲ!'

ನಗುತ್ತಲೇ ಆಡಿದ ಆ ಮಾತು ನನ್ನನ್ನು ಬಿಡಲಿಲ್ಲ. ಅಕ್ಷರ ಇರುವುದು ಓದಲಿಕ್ಕೆ. ಅದನ್ನು ಓದದೆ ನೋಡಿ ಎಂದು ಕೇಳುವ ಒಂದು ದೊಡ್ಡ ಕಲೆಯೇ ಕಂಪ್ಯೂಟರಿನ ಜೊತೆ ಬೆಳೆದಿದೆ. ಆಸ್ಕಿ ಕಲೆ ಎಂಬ ಹೆಸರಿನಲ್ಲಿ ಅದನ್ನು ತಂತ್ರಜ್ಞಾನದವರ ಹುಡುಗಾಟ ಎಂದು ಸಾಹಿತ್ಯದವರು ಪಕ್ಕಕ್ಕಿಟ್ಟಿದ್ದೇವೆ. ಆದರೆ ಅದು ಎತ್ತುವ ಪ್ರಶ್ನೆ ನಮ್ಮ ಅಲಂಕಾರಶಾಸ್ತ್ರದ ಹಳೆಯ ಪ್ರಶ್ನೆಗೆ ಬಹಳ ಹತ್ತಿರದ್ದು.

ಮೊದಲು ಆ ಕಲೆಯ ಹುಟ್ಟು. ಬೆರಳಚ್ಚು ಯಂತ್ರದ ಚಿಹ್ನೆಗಳಿಂದ ಚಿತ್ರ ಬಿಡಿಸುವುದು ಕಂಪ್ಯೂಟರಿಗಿಂತ ಹಳೆಯದು. ಇಂಗ್ಲೆಂಡಿನ ಫ್ಲೋರಾ ಸ್ಟೇಸಿ ಎಂಬಾಕೆ ಆವರಣ ಚಿಹ್ನೆ, ಗೆರೆ, ಚುಕ್ಕಿಗಳಿಂದ ಮೂಡಿಸಿದ ಚಿಟ್ಟೆ 1898ರಷ್ಟು ಹಿಂದೆಯೇ ಅಚ್ಚಾಗಿತ್ತು. ಕಂಪ್ಯೂಟರಿನ ಕಾಲಕ್ಕೆ ಬಂದರೆ, 1966ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ನೆತ್ ನೋಲ್ಟನ್ ಮತ್ತು ಲಿಯಾನ್ ಹಾರ್ಮನ್ ಒಂದು ಛಾಯಾಚಿತ್ರವನ್ನು ಪುಟ್ಟ ಪುಟ್ಟ ಚಿಹ್ನೆಗಳಾಗಿ ಒಡೆದು ಮತ್ತೆ ಕಟ್ಟಿದರು. ಹತ್ತಿರದಿಂದ ಚಿಹ್ನೆಗಳು, ದೂರ ನಿಂತರೆ ಮನುಷ್ಯದೇಹ. ಆದರೆ ನನಗೆ ಇವೆರಡಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಒಂದು ಕಸುಬಿನ ಅಭ್ಯಾಸ. ದೊಡ್ಡ ಕಂಪ್ಯೂಟರುಗಳ ಕಾಲದಲ್ಲಿ ಹತ್ತಾರು ಜನಕ್ಕೆ ಒಂದೇ ಮುದ್ರಣಯಂತ್ರ. ಒಬ್ಬರ ಕೆಲಸ ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಶುರುವಾಯಿತು ಎಂದು ಗುರುತಿಸಲು ನಡುವೆ ಒಂದು ಹಾಳೆ. ಅದರ ಮೇಲೆ ಕೆಲಸ ಕೊಟ್ಟವರ ಹೆಸರು ದೂರಕ್ಕೂ ಕಾಣುವಂತಿರಬೇಕು. ಯಂತ್ರಕ್ಕೋ ದೊಡ್ಡ ಅಕ್ಷರ ಗೊತ್ತಿಲ್ಲ, ಇರುವುದು ಒಂದೇ ಅಳತೆ. ಹಾಗಾಗಿ ಸಣ್ಣ ಅಕ್ಷರಗಳನ್ನೇ ಇಟ್ಟಿಗೆಯ ಹಾಗೆ ಜೋಡಿಸಿ ದೊಡ್ಡ ಅಕ್ಷರ ಕಟ್ಟಿದರು. ಆಮೇಲೆ ಅಲಂಕಾರ ಅನ್ನಿಸಿಕೊಂಡದ್ದು ಇಲ್ಲಿ ಬಡತನದ ಜಾಣತನ.

ಈ ಜಾಣತನ ಒಂದು ವ್ಯಾಕರಣವಾಗಿ ಬೆಳೆದದ್ದು ಫಿಗ್ಲೆಟ್ ಎಂಬ ಸಣ್ಣ ಪ್ರೋಗ್ರಾಮಿನಲ್ಲಿ. 1991ರಲ್ಲಿ ಫ್ರ್ಯಾಂಕ್ ಎಂಬ ಗೆಳೆಯನ ಇಮೇಲಿನ ಕೊನೆಯ ಸಹಿಯನ್ನು ನೋಡಿ, ಇಯಾನ್ ಚಾಯ್ ಅವರ ಒತ್ತಾಯಕ್ಕೆ ಗ್ಲೆನ್ ಚಾಪೆಲ್ ಅದರ ಮೊದಲ ರೂಪ ಬರೆದರು. ಫ್ರ್ಯಾಂಕ್, ಇಯಾನ್, ಗ್ಲೆನ್ ಇವರ ಅಕ್ಷರಗಳು ಎಂಬುದೇ ಆ ಹೆಸರಿನ ಬಿಡಿಸಿದ ರೂಪ. ನೀವು ಒಂದು ಪದ ಕೊಟ್ಟರೆ ಅದು ಗೆರೆ, ಓರೆಗೆರೆ, ಅಡಿಗೆರೆಗಳಿಂದ ಆ ಪದವನ್ನು ದೊಡ್ಡದಾಗಿ ಕಟ್ಟಿ ಕೊಡುತ್ತದೆ. ಇಂಗ್ಲಿಷಿನ ಮೊದಲ ಅಕ್ಷರ ಅದರ ಸಾಮಾನ್ಯ ಅಚ್ಚಿನಲ್ಲಿ ಹೀಗಿರುತ್ತದೆ:

```
    _
   / \
  / _ \
 / ___ \
/_/   \_\
```

ನಿಮ್ಮ ಪರದೆಯ ಮೇಲೆ ಇದು ಸೊಟ್ಟಗೆ ಕಂಡರೆ ಅದಕ್ಕೂ ಕಾರಣವಿದೆ, ಮುಂದೆ ಹೇಳುತ್ತೇನೆ. ಸದ್ಯ ಇಷ್ಟು ಗಮನಿಸಿ: ಅಡಿಗೆರೆ ಇಲ್ಲಿ ಅಡಿಗೆರೆಯಾಗಿ ಉಳಿದಿಲ್ಲ, ಓರೆಗೆರೆ 'ಅಥವಾ' ಎಂಬ ತನ್ನ ಅರ್ಥವನ್ನು ಹೇಳುತ್ತಿಲ್ಲ. ದೊಡ್ಡ ಅಕ್ಷರವನ್ನು ಓದಬೇಕಾದರೆ ಸಣ್ಣ ಚಿಹ್ನೆಗಳನ್ನು ಓದುವುದನ್ನು ನಿಲ್ಲಿಸಬೇಕು. ಆ ಚಿಹ್ನೆಗಳಿಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ, ಅವಕ್ಕೆ ಮೊದಲೇ ಧ್ವನಿಯಿಲ್ಲ. ಅದಕ್ಕೇ ಈ ಕಲೆಯ ಒಳ್ಳೆಯ ಕೆಲಸಗಾರರು ಆದಷ್ಟು ಉಚ್ಚಾರವಿಲ್ಲದ ಚಿಹ್ನೆಗಳನ್ನೇ ಆರಿಸಿಕೊಳ್ಳುತ್ತಾರೆ ಅನ್ನಿಸುತ್ತದೆ.

ಫಿಗ್ಲೆಟ್ಟಿನ ನಿಜವಾದ ಸೊಗಸು ಇರುವುದು ಎರಡು ಅಕ್ಷರಗಳು ಪಕ್ಕಪಕ್ಕ ಬಂದಾಗ. ಅವನ್ನು ಬಿಡಿಬಿಡಿಯಾಗಿ ಇಟ್ಟರೆ ನಡುವೆ ಕಂದರ. ಹಾಗಾಗಿ ಅಂಚುಗಳನ್ನು ಒಂದರೊಳಗೊಂದು ಬೆಸೆಯಲು ನಿಯಮಗಳಿವೆ. ಎರಡು ಅಂಚಿನಲ್ಲೂ ಒಂದೇ ಚಿಹ್ನೆ ಇದ್ದರೆ ಒಂದು ಉಳಿಯುತ್ತದೆ. ಅಡಿಗೆರೆಗೆ ಎದುರಾಗಿ ಓರೆಗೆರೆ ಬಂದರೆ ಅಡಿಗೆರೆ ಜಾಗ ಬಿಟ್ಟುಕೊಡುತ್ತದೆ. ಒಂದು ಕಡೆಯಿಂದ ತೆರೆದ ಆವರಣ, ಇನ್ನೊಂದು ಕಡೆಯಿಂದ ಮುಚ್ಚಿದ ಆವರಣ ಎದುರಾದರೆ ಎರಡೂ ಹೋಗಿ ಅಲ್ಲಿ ಒಂದು ನೇರ ಗೆರೆ ಬರುತ್ತದೆ. ಕನ್ನಡ ಎಂ.ಎ. ಓದಿದ ಯಾರಿಗಾದರೂ ಇದನ್ನು ನೋಡಿ ಸಂಧಿಪ್ರಕರಣ ನೆನಪಾಗದೆ ಇರದು. ಒಂದು ಬಿದ್ದುಹೋದರೆ ಲೋಪ, ಒಂದರ ಜಾಗಕ್ಕೆ ಬೇರೊಂದು ಬಂದರೆ ಆದೇಶ. ಊರು, ಅಲ್ಲಿ ಸೇರಿ ಊರಲ್ಲಿ ಆಗುವಾಗ, ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ನಾಲಿಗೆ ಮಾಡುವ ಕೆಲಸವನ್ನು ಇಲ್ಲಿ ಕಣ್ಣಿನ ಸಲುವಾಗಿ ಪ್ರೋಗ್ರಾಮು ಮಾಡುತ್ತದೆ. ಬೆಸೆಯಬಾರದ ಜಾಗವನ್ನು ಕಾಯಲು 'ಗಟ್ಟಿ ಖಾಲಿ' ಎನ್ನಬಹುದಾದ ಒಂದು ಚಿಹ್ನೆಯೂ ಇದೆ. ಅದು ಅಚ್ಚಿನಲ್ಲಿ ಕಾಣುವುದಿಲ್ಲ, ಆದರೆ ಅದರ ಮೇಲೆ ಇನ್ನೊಂದು ಅಕ್ಷರ ಹತ್ತಿ ಕೂರುವ ಹಾಗಿಲ್ಲ. ಸಂಧಿ ಮಾಡದೆ ಬಿಡಬೇಕಾದ ಕಡೆಗಳನ್ನು ಪ್ರಕೃತಿಭಾವವೆಂದು ನಮ್ಮ ವೈಯಾಕರಣರು ಗುರುತಿಸಿದ್ದು ನೆನಪಾಗುತ್ತದೆ. ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು. ಆದರೆ ಹುಡುಗಾಟವೆಂದು ತಳ್ಳಿಹಾಕಿದ ಕಡೆಯೂ ಎಷ್ಟು ಶಿಸ್ತಿದೆ ಎಂದು ತೋರಿಸಲು ಇಷ್ಟು ಸಾಕು.

ಹಾಗಾದರೆ ಕನ್ನಡದಲ್ಲಿ ಇದನ್ನು ಮಾಡಬಹುದೇ? ಫಿಗ್ಲೆಟ್ಟಿನ ಕರ್ತೃಗಳು ಸಂಕುಚಿತರಲ್ಲ. ಅವರ ಕಡತದ ಕ್ರಮದಲ್ಲಿ ಪ್ರತಿಯೊಂದು ಅಚ್ಚಿನಲ್ಲೂ ಇರಲೇಬೇಕಾದದ್ದು 102 ಅಕ್ಷರ: ಆಸ್ಕಿಯ 95 ಮತ್ತು ಜರ್ಮನ್ ಭಾಷೆಯ 7. ಬಲದಿಂದ ಎಡಕ್ಕೆ ಬರೆಯುವ ಸೌಲಭ್ಯವಿದೆ, ಹೀಬ್ರೂ ಅಕ್ಷರಗಳ ಅಚ್ಚೂ ಇದೆ. ಮುಂದೆ ಯೂನಿಕೋಡ್ ಸಂಖ್ಯೆ ಕೊಟ್ಟು ಬೇರೆ ಅಕ್ಷರ ಸೇರಿಸುವ ದಾರಿಯನ್ನೂ ತೆರೆದರು. ಬಾಗಿಲು ತೆರೆದೇ ಇದೆ. ಆದರೂ ಕನ್ನಡ ಒಳಗೆ ಹೋಗುವಾಗ ತಲೆ ಹೊಸ್ತಿಲಿಗೆ ತಾಗುತ್ತದೆ. ಯಾಕೆಂದರೆ ಆ ಮನೆಯ ಅಳತೆಯೇ ಒಂದು ಸಂಕೇತಕ್ಕೆ ಒಂದು ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ಪೆಟ್ಟಿಗೆ ಎಂಬುದು. ಕಂಪ್ಯೂಟರಿಗೆ 'ಕ್ಷ' ಒಂದು ಅಕ್ಷರವಲ್ಲ. ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋದರೆ ಅವು ಮೂರು ತುಂಡಾಗಿ ನಿಲ್ಲುತ್ತವೆ. 'ಕಿ' ಬರೆಯುವಾಗ ಇಕಾರ ಪಕ್ಕದಲ್ಲಿ ಬಂದು ಕೂರುವುದಿಲ್ಲ, ಕಕಾರದ ತಲೆಯನ್ನೇ ಬದಲಿಸುತ್ತದೆ. 'ರಾಷ್ಟ್ರ'ದಲ್ಲಿ ಒತ್ತುಗಳು ಕೆಳಗೆ ಇಳಿಯುತ್ತವೆ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರಬೇಕೆಂಬ ನಿಯಮ ಬೇರೆ. ಮೇಲಿನ ಆಕೃತಿ ನಿಮಗೆ ಸೊಟ್ಟಗೆ ಕಂಡಿದ್ದರೆ ನಿಮ್ಮ ಪರದೆ ಆ ನಿಯಮವನ್ನು ಮುರಿದಿದೆ ಎಂದರ್ಥ.

ಸರಳ ಪಠ್ಯ ಎಂಬ ಮಾತನ್ನು ನಾವು ನಂಬಿಬಿಟ್ಟಿದ್ದೇವೆ. ಬಣ್ಣವಿಲ್ಲ, ಅಲಂಕಾರವಿಲ್ಲ, ಎಲ್ಲರಿಗೂ ಸಮಾನವಾದ ಬರಿಯ ಅಕ್ಷರ ಎಂದು. ಆದರೆ ಸರಳ ಎನ್ನುವುದು ಯಾರ ಲಿಪಿಗೆ ಸರಳ? ಹಳೆಯ ನುಡಿ, ಬರಹ ಕಡತಗಳನ್ನು ತೆರೆದು ಕಂಗೆಟ್ಟ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಪ್ರಶ್ನೆಯ ಬಿಸಿ ಗೊತ್ತು. ಅಲ್ಲಿ ಕನ್ನಡದ ತುಂಡುಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಬಾಡಿಗೆಗೆ ಕೂತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಡೀ ಲೇಖನ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಒಂದು ರೀತಿಯಲ್ಲಿ ಆಗ ನಾವೆಲ್ಲ ಬರೆಯುತ್ತಿದ್ದದ್ದೇ ಆಸ್ಕಿ ಕಲೆ. ಬೇರೆಯವರ ಅಕ್ಷರಗಳನ್ನು ಓದದೆ, ಅವುಗಳಿಂದ ನಮ್ಮ ಅಕ್ಷರದ ಚಿತ್ರವನ್ನು ಕಟ್ಟುತ್ತಿದ್ದೆವು.

ಆದರೆ ಚೌಕಳಿ ನಮಗೆ ಪರಕೀಯ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಬೆಳಗಿನ ಪತ್ರಿಕೆಯ ಪದಬಂಧ ತೆಗೆಯಿರಿ. ಅಲ್ಲಿ ಒಂದು ಮನೆಗೆ ಒಂದು ಅಕ್ಷರ, ತನ್ನ ಗುಣಿತ, ಒತ್ತುಗಳ ಸಮೇತ. 'ರಾಷ್ಟ್ರಪತಿ'ಗೆ ನಾಲ್ಕೇ ಮನೆ ಎಂದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಬಂಧ ಎಂಬ ಆ ಪದವೇ ಚಿತ್ರಕಾವ್ಯದ್ದು. ಕವಿರಾಜಮಾರ್ಗಕ್ಕೆ ಆಕರವಾದ ದಂಡಿಯ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಗೋಮೂತ್ರಿಕೆ, ಸರ್ವತೋಭದ್ರದಂಥ ರಚನೆಗಳ ಚರ್ಚೆಯಿದೆ. ಗೋಮೂತ್ರಿಕೆಯಲ್ಲಿ ಒಂದರ ಕೆಳಗೊಂದು ಬರೆದ ಎರಡು ಸಾಲುಗಳ ಅಕ್ಷರಗಳು ಒಂದು ಬಿಟ್ಟು ಒಂದು ಒಂದೇ ಆಗಿರುತ್ತವೆ. ಹಾಗಾಗಿ ನಡೆಯುವ ಎತ್ತಿನ ಮೂತ್ರದ ಗೆರೆಯಂತೆ ಮೇಲೆ ಕೆಳಗೆ ಓಡಾಡುತ್ತ ಓದಿದರೂ ಪದ್ಯ ಅದೇ ಪದ್ಯ. ಸರ್ವತೋಭದ್ರವನ್ನು ನಾಲ್ಕೂ ದಿಕ್ಕಿನಿಂದ ಓದಬಹುದು. ಭಾರವಿ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ, ಮಾಘ ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗದಲ್ಲಿ ಯುದ್ಧದ ನಡುವೆ ಇಂಥ ಪದ್ಯಗಳನ್ನು ಕಟ್ಟಿದರು. ಅಲ್ಲಿಯೂ ಚೌಕಳಿ ಇದೆ. ಆದರೆ ಮನೆಯಲ್ಲಿ ಕೂರುವುದು ಸಂಕೇತವಲ್ಲ, ಉಚ್ಚರಿಸಬಹುದಾದ ಇಡಿಯ ಅಕ್ಷರ. ಕನ್ನಡಕ್ಕೆ ಒಂದು ಫಿಗ್ಲೆಟ್ ಬರೆಯುವ ಮನಸ್ಸು ಯಾರಿಗಾದರೂ ಇದ್ದರೆ ಶುರುಮಾಡಬೇಕಾದದ್ದು ಪದಬಂಧದ ಮನೆಯಿಂದ.

ಚಿತ್ರಕಾವ್ಯಕ್ಕೂ ಆಸ್ಕಿ ಅಕ್ಷರಕ್ಕೂ ಇರುವ ಮುಖ್ಯ ವ್ಯತ್ಯಾಸವೂ ಇಲ್ಲೇ ಇದೆ. ಫಿಗ್ಲೆಟ್ ಸಣ್ಣ ಚಿಹ್ನೆಯನ್ನು ಮರೆತು ದೊಡ್ಡ ಅಕ್ಷರವನ್ನು ಓದಿ ಎನ್ನುತ್ತದೆ. ಚಿತ್ರಬಂಧ ಯಾವುದನ್ನೂ ಮರೆಯಲು ಬಿಡುವುದಿಲ್ಲ. ಅಕ್ಷರವನ್ನು ನೋಡಲೂ ಬೇಕು, ಓದಲೂ ಬೇಕು, ಒಂದೇ ಅಕ್ಷರವನ್ನು ಎರಡು ಸಲ ಎರಡು ದಾರಿಯಲ್ಲಿ ಓದಬೇಕು. ಆನಂದವರ್ಧನ ಚಿತ್ರಕಾವ್ಯವನ್ನು ಕಾವ್ಯದ ಅನುಕರಣೆಯಷ್ಟೇ ಎಂದ, ಮಮ್ಮಟ ಅದನ್ನು ಅಧಮ ಕಾವ್ಯದ ಸಾಲಿಗೆ ಹಾಕಿದ. ವಾಚ್ಯವನ್ನು ಮೀರಿದ ವ್ಯಂಗ್ಯಾರ್ಥಕ್ಕೆ ಅಲ್ಲಿ ಪ್ರಾಧಾನ್ಯವಿಲ್ಲ, ಚಮತ್ಕಾರವೇ ಮುಂದಾಗಿದೆ ಎಂಬುದು ಆಕ್ಷೇಪ. ಅದರಲ್ಲಿ ನ್ಯಾಯವಿದೆ. ಅನೇಕ ಬಂಧಗಳನ್ನು ಬಿಡಿಸಿದ ಮೇಲೆ ಕೈಗೆ ಸಿಗುವುದು ಬಿಡಿಸಿದ ಸಂತೋಷವಷ್ಟೇ. ಆದರೂ ಈ ಆಕ್ಷೇಪದ ಭರದಲ್ಲಿ ಅದರ ಒಂದು ನಿಷ್ಠೆಯನ್ನು ನಾವು ಕಡೆಗಣಿಸಿದೆವು ಅನ್ನಿಸುತ್ತದೆ: ಅಕ್ಷರವನ್ನು ಎಷ್ಟೇ ಕುಣಿಸಿದರೂ ಅದು ಧ್ವನಿಯನ್ನು ಕಿತ್ತುಕೊಳ್ಳುವುದಿಲ್ಲ. ಬರಿಯ ಕಿವಿಯಿಂದ ಕೇಳುವವನಿಗೂ ಅಲ್ಲಿ ಪದ್ಯ ಉಳಿಯುತ್ತದೆ.

ಈಗ ನನ್ನ ಗೆಳೆಯ ಕೇಳಿದ ಠಕಾರಕ್ಕೆ ಬರುತ್ತೇನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಫಾಲ್‌ಮನ್ 1982ರಲ್ಲಿ ಸೂಚಿಸಿದ ನಗುಮುಖ ಅಡ್ಡಲಾಗಿತ್ತು; ಎರಡು ಚುಕ್ಕಿ, ಒಂದು ಗೆರೆ, ಒಂದು ಆವರಣ, ತಲೆ ಓರೆ ಮಾಡಿ ನೋಡಬೇಕು. ಜಪಾನಿನವರು ತಲೆ ಓರೆ ಮಾಡದೆಯೇ ನೋಡಬಹುದಾದ, ಕಣ್ಣೇ ಮುಖ್ಯವಾದ ಮುಖಗಳನ್ನು ಮಾಡಿದರು. ಯೂನಿಕೋಡ್ ಬಂದ ಮೇಲೆ ಜಗತ್ತಿನ ಎಲ್ಲ ಲಿಪಿಗಳೂ ಒಂದೇ ಸಂತೆಯಲ್ಲಿ ಸಿಗುವಂತಾದವು. ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನು ಜೊತೆಗೇ ತಂದಿತು. ಕನ್ನಡದ ಗಂಧವಿಲ್ಲದವರ ಪರದೆಯಲ್ಲೂ ಖಾಲಿ ಪೆಟ್ಟಿಗೆಯ ಬದಲು ಕನ್ನಡ ಅಕ್ಷರ ಮೂಡುವುದು ಸಾಧ್ಯವಾಯಿತು. 2000ದ ದಶಕ ಮುಗಿಯುವ ಹೊತ್ತಿಗೆ ಠ_ಠ ಎಂಬ ಮುಖ ಇಂಗ್ಲಿಷ್ ಅಂತರ್ಜಾಲದ ತುಂಬ ಹರಡಿತ್ತು. ಅದರ ಬೆನ್ನಿಗೆ ಥ_ಥ ಎಂಬ ಅಳುಮುಖವೂ ಬಂತು. ಥಕಾರದ ಕೆಳಗಿನ ಸೀಳು ಅವರಿಗೆ ಇಳಿಯುವ ಕಣ್ಣೀರು.

ಕಲೆಯಾಗಿ ಇದು ಬಹಳ ಒಳ್ಳೆಯ ಆಯ್ಕೆ. ದುಂಡನೆಯ ಗುಡ್ಡೆ, ನಡುವೆ ನೆಟ್ಟ ಪಾಪೆ, ಮೇಲೆ ಹುಬ್ಬಿನ ಹಾಗೆ ಎತ್ತಿದ ತಲೆಕಟ್ಟು. ಹುಬ್ಬು ಎರಡೂ ಕಡೆ ಒಂದೇ ದಿಕ್ಕಿಗೆ ಏರಿರುವುದರಿಂದ ಮುಖಕ್ಕೆ ಒಂದು ಸಣ್ಣ ಅಸಮತೋಲನ. ಆ ಅಸಮತೋಲನದಲ್ಲೇ 'ಇದೇನಯ್ಯ ನೀನು ಮಾಡಿದ್ದು' ಎಂಬ ಭಾವ ಹುಟ್ಟುತ್ತದೆ. ಆನಂದವರ್ಧನನ ತಕ್ಕಡಿಯಲ್ಲಿ ಇದನ್ನಿಟ್ಟರೆ ತಮಾಷೆಯಾಗುತ್ತದೆ. ಚಿತ್ರಕಾವ್ಯದಲ್ಲಿ ವಾಚ್ಯವಿದೆ, ವ್ಯಂಗ್ಯ ಸೊರಗಿದೆ. ಈ ಚಿತ್ರದಲ್ಲಿ ವಾಚ್ಯವೇ ಇಲ್ಲ, ಇರುವುದೆಲ್ಲ ಸೂಚನೆ. ಆದರೆ ಇದನ್ನು ಧ್ವನಿಕಾವ್ಯ ಎನ್ನಲಾಗದು, ಶಬ್ದವೇ ಇಲ್ಲದ ಮೇಲೆ ಶಬ್ದವನ್ನು ಮೀರುವುದು ಎಲ್ಲಿಂದ ಬಂತು? ಇದರ ನಿಜವಾದ ನೆಂಟಸ್ತಿಕೆ ನಾಟ್ಯಶಾಸ್ತ್ರದ ಜೊತೆ. ಭರತ 36 ದೃಷ್ಟಿಗಳನ್ನು ಎಣಿಸಿ, ಯಾವ ಭಾವಕ್ಕೆ ಕಣ್ಣು ಹೇಗಿರಬೇಕೆಂದು ಹೇಳಿದ. ಠ_ಠ ಕಾವ್ಯವಲ್ಲ, ನೇತ್ರಾಭಿನಯ. ನಟನ ಕಣ್ಣಿನ ಜಾಗದಲ್ಲಿ ನಮ್ಮ ಅಕ್ಷರ ನಿಂತಿದೆ.

ಇದನ್ನು ಕಂಡ ಕನ್ನಡಿಗರಲ್ಲಿ ಎರಡು ಬಗೆಯ ಪ್ರತಿಕ್ರಿಯೆ ನೋಡಿದ್ದೇನೆ. ಒಂದು ಹೆಮ್ಮೆ: ನೋಡಿ, ನಮ್ಮ ಅಕ್ಷರ ಜಗತ್ತನ್ನೇ ಸುತ್ತಿತು. ಇನ್ನೊಂದು ಬೇಸರ: ನಮ್ಮ ಅಕ್ಷರವನ್ನು ಗೊಂಬೆ ಮಾಡಿದರು. ಎರಡೂ ಅವಸರದ ತೀರ್ಪು ಅನ್ನಿಸುತ್ತದೆ. ಹೆಮ್ಮೆ ಪಡುವವರು ಒಂದು ವಿಷಯ ಯೋಚಿಸಬೇಕು. ಠಕಾರ ಕನ್ನಡದೊಳಗೇ ನೆಲೆ ತಪ್ಪುತ್ತಿರುವ ಅಕ್ಷರ. ಕನ್ನಡಿಗರು ದಿನಬಳಕೆಯ ಮಾತಿನಲ್ಲಿ ಮಹಾಪ್ರಾಣವನ್ನು ನುಡಿಯುವುದಿಲ್ಲ, ಹಾಗಾಗಿ ಅದನ್ನು ಬರಹದಿಂದಲೂ ಬಿಡಬಹುದು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದಾರೆ, ಹಾಗೆಯೇ ಬರೆದೂ ತೋರಿಸಿದ್ದಾರೆ. ಅವರ ಬರಹದಲ್ಲಿ ಪಾಠ ಪಾಟವಾಗುತ್ತದೆ. ನಾವೇ ಬೇಕೋ ಬೇಡವೋ ಎಂದು ಜಗಳವಾಡುತ್ತಿರುವ ಅಕ್ಷರ, ಅದರ ಉಚ್ಚಾರವೇ ಗೊತ್ತಿಲ್ಲದವರ ಕೈಯಲ್ಲಿ ಕನ್ನಡದ ಬೇರಾವ ಅಕ್ಷರವೂ ಹೋಗದ ಕಡೆಗೆಲ್ಲ ಹೋಗಿದೆ. ಆದರೆ ಅಲ್ಲಿಗೆ ಹೋದದ್ದು ಅದರ ಆಕಾರ ಮಾತ್ರ. ಆಕಾರ ಬೇಕು, ಉಚ್ಚಾರ ಬೇಡ ಎನ್ನುವವರ ಪ್ರೀತಿಯನ್ನು ಭಾಷೆಗೆ ಸಿಕ್ಕ ಮನ್ನಣೆ ಎಂದು ಲೆಕ್ಕ ಹಾಕುವುದು ಹೇಗೆ?

ಬೇಸರ ಪಡುವವರಿಗೂ ಒಂದು ಮಾತಿದೆ. ಓದಲು ಬಲ್ಲವನಿಗೆ ಅಕ್ಷರ ಕಾಣುವುದಿಲ್ಲ. ಐದನೆಯ ವರ್ಷಕ್ಕೆ ಸ್ಲೇಟಿನ ಮೇಲೆ ಠ ತಿದ್ದುವಾಗ ನಾನು ಅದನ್ನು ನೋಡಿದ್ದೆ, ನಡುವಿನ ಚುಕ್ಕಿಯನ್ನು ಗುಂಡಗೆ ಇಡಲು ಹೆಣಗಿದ್ದೆ. ಓದು ಬಂದ ಮೇಲೆ ಅಕ್ಷರ ಗಾಜಾಯಿತು, ಅದರ ಮೂಲಕ ಪದ ಕಾಣುತ್ತದೆ, ಅದು ಕಾಣುವುದಿಲ್ಲ. ಎಲ್ಲೋ ದೂರದ ಯಾರೋ ಒಬ್ಬರು, ಓದಲು ಬಾರದ ಕಾರಣಕ್ಕೇ, ಅದರಲ್ಲಿ ಒಂದು ಕಣ್ಣನ್ನು ಕಂಡರು. ನನಗೆ ಇಪ್ಪತ್ತು ವರ್ಷದಿಂದ ಕಾಣದಿದ್ದ ತಲೆಕಟ್ಟು ಹುಬ್ಬಾಗಿ ಕಂಡದ್ದು ಅವರ ದಯದಿಂದ. ಇದನ್ನು ಒಪ್ಪಿಕೊಳ್ಳದಿದ್ದರೆ ವಿಮರ್ಶೆ ಅಪ್ರಾಮಾಣಿಕವಾಗುತ್ತದೆ.

ಹಾಗಾಗಿ ಸಾದಾ ಅಕ್ಷರಗಳಿಂದ ಅಲಂಕಾರ ಮಾಡುವ ಕಲೆಯನ್ನು ಬೆಲೆಗಟ್ಟುವಾಗ ಚಂದವಿದೆಯೇ ಎನ್ನುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಇದು ಯಾರಿಗೆ ಏನನ್ನು ಮರೆಯಲು ಹೇಳುತ್ತಿದೆ? ಫಿಗ್ಲೆಟ್ ಅಡಿಗೆರೆಯನ್ನು ಮರೆಯಲು ಹೇಳುತ್ತದೆ, ಅದು ಅಗ್ಗದ ಬೆಲೆ. ಠ_ಠ ಇಂಗ್ಲಿಷ್ ಓದುಗನಿಗೆ ಏನನ್ನೂ ಮರೆಯಲು ಹೇಳುವುದಿಲ್ಲ, ಅವನಿಗೆ ನೆನಪೇ ಇಲ್ಲ. ಕನ್ನಡದ ಓದುಗನಿಗೆ ಮಾತ್ರ ಅದು ಕ್ಷಣಕಾಲ ಅನಕ್ಷರಸ್ಥನಾಗು ಎನ್ನುತ್ತದೆ. ನನ್ನಂಥವನಿಗೆ ಅದೊಂದು ಆಟ, ಆಡಿ ಹಿಂದಿರುಗಬಹುದು. ನನ್ನ ಗೆಳೆಯನಿಗೆ ಆ ಆಟದಲ್ಲಿ ಪ್ರವೇಶವೇ ಇಲ್ಲ. ಅವನ ಫೋನಿಗೆ ಮೇಲಿನ ಫಿಗ್ಲೆಟ್ ಅಕ್ಷರವನ್ನೂ ಕೇಳಿಸಿ ನೋಡಿದೆವು. ಚಿಹ್ನೆಗಳನ್ನೂ ಓದು ಎಂದು ಹೊಂದಿಸಿದ್ದರಿಂದ ಅದು ಸ್ಲ್ಯಾಶ್, ಅಂಡರ್‌ಸ್ಕೋರ್ ಎನ್ನುತ್ತ ಹೋಯಿತು, ಅಕ್ಷರ ಹುಟ್ಟಲೇ ಇಲ್ಲ. ಇಂಥದ್ದನ್ನು ಪ್ರಕಟಿಸುವವರು ಅದರ ಪಕ್ಕ ಇದು ಏನೆಂದು ಒಂದು ಸಾಲು ಬರೆದಿಟ್ಟರೆ ಕಲೆಗೆ ಕುಂದು ಬರುವುದಿಲ್ಲ. ಈ ಲೇಖನದಲ್ಲಿ ಆಕೃತಿಗೆ ಮೊದಲೇ ಅದು ಯಾವ ಅಕ್ಷರವೆಂದು ನಾನು ಹೇಳಿದ್ದು ಆ ಕಾರಣಕ್ಕೆ.

ಕರಡನ್ನು ಅವನಿಗೆ ಕಳಿಸಿದ್ದೆ. ಕೇಳಿ ಮುಗಿಸಿ ಫೋನು ಮಾಡಿದ. ಅವನ ತಕರಾರು ಒಂದೇ: 'ಸರಳ ಪಠ್ಯ, ಸರಳ ಪಠ್ಯ ಅಂತ ಬರೆದಿದ್ದೀಯ. ಆ ಪಠ್ಯದ ನಡುವೆಯೇ ಒಂದು ಠ ಇದೆಯಲ್ಲ, ಅದು ನಿನಗೆ ಕಾಣಿಸಲೇ ಇಲ್ಲವಾ?' ನಿಜ, ಕಂಡಿರಲಿಲ್ಲ. ಅವನಿಗೆ ಕೇಳಿಸಿತ್ತು. ಅಧ್ಯಾಯ ಯಾವಾಗ ಕೊಡ್ತೀಯ ಎಂದು ಕೇಳಿದೆ. ಇನ್ನೊಂದು ವಾರ ಎಂದ.